ಹೊಸ ಬರಹಕ್ಕೊಂದು ಪುಟ: ಅಚ್ಚುಮೊಳೆಯಿಂದ ಅಂತರ್ಜಾಲದವರೆಗೆ



ದೊಡ್ಡಬಳ್ಳಾಪುರದ ಕಾಲೇಜೊಂದರಲ್ಲಿ ಓದುತ್ತಿರುವ ಹುಡುಗಿಯೊಬ್ಬಳು ಒಂದು ಸಣ್ಣಕಥೆ ಬರೆದಿದ್ದಾಳೆಂದು ಭಾವಿಸೋಣ. ವರ್ಷ 1975. ಅವಳು ಅದನ್ನು ಹಾಳೆಯ ಒಂದೇ ಮಗ್ಗುಲಲ್ಲಿ ಅಂಚು ಬಿಟ್ಟು ದುಂಡಗೆ ನಕಲು ಮಾಡಬೇಕು. ತನ್ನ ವಿಳಾಸ ಬರೆದ, ಅಂಚೆಚೀಟಿ ಅಂಟಿಸಿದ ಲಕೋಟೆಯನ್ನು ಜೊತೆಗಿಡಬೇಕು. ಬೆಂಗಳೂರಿನ ಪತ್ರಿಕೆಯೊಂದಕ್ಕೆ ಕಳುಹಿಸಿ ತಿಂಗಳುಗಟ್ಟಲೆ ಅಂಚೆಯವನ ದಾರಿ ಕಾಯಬೇಕು. ಬೆಂಗಳೂರು ಇರುವುದು ಸುಮಾರು 40 ಕಿಲೋಮೀಟರ್ ದೂರದಲ್ಲಿ. ಆದರೆ ಸಂಪಾದಕರ ಮೇಜು ಅದಕ್ಕಿಂತ ಬಹಳ ದೂರ. ಇನ್ನು ಅಂಥದೇ ಹುಡುಗಿ ಇಂದು ಇದ್ದಾಳೆನ್ನಿ. ಬಸ್ಸಿನಲ್ಲಿ ಕುಳಿತು ಮೊಬೈಲ್ ಫೋನಿನಲ್ಲೇ ಕಥೆ ಬರೆಯುತ್ತಾಳೆ, ಅಂತರ್ಜಾಲ ಪತ್ರಿಕೆಯೊಂದಕ್ಕೆ ಮಿಂಚಂಚೆಯಲ್ಲಿ ಕಳುಹಿಸುತ್ತಾಳೆ. ಸಂಪಾದಕರು ಮೆಚ್ಚಿದರೆ ಒಂದೆರಡು ವಾರಗಳಲ್ಲಿ ಕಾಸರಗೋಡಿನ ಅಧ್ಯಾಪಕರೂ ಅಮೆರಿಕದ ಕನ್ನಡ ಕುಟುಂಬವೂ ಒಂದೇ ಸಂಜೆ ಅದನ್ನು ಓದಿರುತ್ತಾರೆ.

ಈ ಇಬ್ಬರು ಹುಡುಗಿಯರ ನಡುವೆ ಏನೇನು ನಡೆಯಿತು ಎಂಬುದೇ ಈ ಲೇಖನದ ವಿಷಯ. ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕಾಗಿದೆ. ಇಬ್ಬರ ಕಥೆಯೂ ಪ್ರಕಟವಾಯಿತೆಂದೇ ಇಟ್ಟುಕೊಳ್ಳಿ. ಐವತ್ತು ವರ್ಷಗಳ ಮೇಲೆ ಯಾರ ಕಥೆ ಓದಲು ಸಿಗುತ್ತದೆ?

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟದ್ದು 1843ರ ಜುಲೈ 1ರಂದು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು; ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಅದು ಸುದ್ದಿಪತ್ರಿಕೆ. ಕಥೆ-ಕವಿತೆಗಳಿಗೆಂದೇ ಪುಟ ತೆರೆಯುವ ಪತ್ರಿಕೆಗಳು ಬೇರೂರಲು ಇನ್ನೂ ಅರ್ಧ ಶತಮಾನ ಹಿಡಿಯಿತು. ಪಂಜೆ ಮಂಗೇಶರಾಯರ ಮೊದಮೊದಲ ಕಥೆಗಳು 1900ರ ಆಸುಪಾಸಿನಲ್ಲಿ ಮಂಗಳೂರಿನ 'ಸುವಾಸಿನಿ'ಯಲ್ಲಿ ಕಾಣಿಸಿಕೊಂಡವು. ಕನ್ನಡದ ಸಣ್ಣಕಥೆ ಹುಟ್ಟಿದ್ದು ಪುಸ್ತಕದಲ್ಲಲ್ಲ, ಪತ್ರಿಕೆಯಲ್ಲಿ ಎಂಬುದನ್ನು ನೀವು ಗಮನಿಸಬೇಕು. ಒಂದು ಕಥೆಗೆ ಪುಸ್ತಕದಷ್ಟು ಹೊಟ್ಟೆಯಿಲ್ಲ. ಅದಕ್ಕೆ ಬೇಕಾದದ್ದು ನಾಲ್ಕು ಪುಟ ಮತ್ತು ನಂಬುವ ಒಬ್ಬ ಸಂಪಾದಕ.

ನಂಬುವ ಸಂಪಾದಕ ಸಿಗದಿದ್ದರೆ? ನಂಜನಗೂಡಿನ ತಿರುಮಲಾಂಬ ಆ ಪ್ರಶ್ನೆಗೆ ಕೊಟ್ಟ ಉತ್ತರ ಅಚ್ಚರಿಯದು. ಬಾಲ್ಯದಲ್ಲೇ ವಿಧವೆಯಾಗಿ, ತಂದೆಯ ಮನೆಯಲ್ಲಿ ಓದು-ಬರಹಕ್ಕೆ ಒಲಿದ ಈ ಮಹಿಳೆ 1910ರ ದಶಕದಲ್ಲಿ 'ಸತೀಹಿತೈಷಿಣಿ' ಎಂಬ ಗ್ರಂಥಮಾಲೆಯನ್ನೂ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ ತಾವೇ ನಡೆಸಿದರು. ಅವರ ಕಾದಂಬರಿ 'ಸುಶೀಲೆ' ಬಂದದ್ದು 1913ರಲ್ಲಿ. ಲೇಖಕಿ, ಸಂಪಾದಕಿ, ಪ್ರಕಾಶಕಿ ಮೂವರೂ ಅವರೇ. 'ಸ್ವತಂತ್ರ ಲೇಖಕರು' ಎಂಬ ಮಾತನ್ನು ನಾವು ಇಂದು ಹೊಸದೆಂಬಂತೆ ಆಡುತ್ತೇವೆ. ಅದಕ್ಕೆ ನೂರು ವರ್ಷ ತುಂಬಿ ಆಗಿದೆ. ಮುಂದೆ ತಿರುಮಲಾಂಬ ಮದರಾಸು ಸೇರಿದರು, ಕನ್ನಡ ಓದುಗರು ಅವರನ್ನು ಮರೆತರು. ಅವರ ಇಳಿವಯಸ್ಸಿನಲ್ಲಿ ಚಿ.ನ. ಮಂಗಳಾ ಅವರು ಹುಡುಕಿಕೊಂಡು ಹೋಗಿ ಮತ್ತೆ ಕನ್ನಡಿಗರಿಗೆ ಪರಿಚಯಿಸಿದರು. ತಿರುಮಲಾಂಬ ತೀರಿಕೊಂಡದ್ದು 1982ರಲ್ಲಿ. ವ್ಯಕ್ತಿ ಮರೆಯಾಗಿದ್ದರೂ ಅಚ್ಚಾದ ಹಾಳೆ ಎಲ್ಲೋ ಒಂದು ಕಪಾಟಿನಲ್ಲಿ ಉಳಿದಿತ್ತು. ಆ ಹಾಳೆ ಇರದಿದ್ದರೆ ಹುಡುಕಿಕೊಂಡು ಹೋಗುವವರಿಗೆ ಹೆಸರಾದರೂ ಎಲ್ಲಿಂದ ಸಿಗುತ್ತಿತ್ತು? ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಬೆಂಗಳೂರಿಗೆ ಬನ್ನಿ. 1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 'ಪ್ರಬುದ್ಧ ಕರ್ನಾಟಕ' ಎಂಬ ತ್ರೈಮಾಸಿಕವನ್ನು ಹೊರಡಿಸಿತು. ಅದರ ಹಿಂದಿದ್ದ ಶಕ್ತಿ ಅಧ್ಯಾಪಕ ಎ.ಆರ್. ಕೃಷ್ಣಶಾಸ್ತ್ರಿಗಳು. ಸ್ವತಃ 'ಶ್ರೀಪತಿ' ಎಂಬ ಹೆಸರಿನಲ್ಲಿ ಕಥೆ ಬರೆದವರು. ಕಾಲೇಜುಗಳ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲ ಅದು. ಅಂಥ ಕಾಲದಲ್ಲಿ ಕಾಲೇಜಿನ ಒಂದು ಸಂಘ ಕನ್ನಡ ಪತ್ರಿಕೆ ನಡೆಸುವುದೆಂದರೆ ಪ್ರವಾಹಕ್ಕೆ ಎದುರು ಈಜಿದಂತೆ. ಮುಂದಿನ ಪೀಳಿಗೆಯ ಕನ್ನಡ ಲೇಖಕರಲ್ಲಿ ಹಲವರು ಅದರ ಪುಟಗಳಲ್ಲೇ ಬೆಳೆದರು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯ ಅದನ್ನು ನಡೆಸಿಕೊಂಡು ಬಂದಿತು.

ಸರಿಸುಮಾರು ಅದೇ ಕಾಲದಲ್ಲಿ ಹೊರದೇಶಗಳಲ್ಲೂ ಇಂಥದೇ ಗಾಳಿ ಬೀಸುತ್ತಿತ್ತು. ಷಿಕಾಗೋ ನಗರದಲ್ಲಿ ಹ್ಯಾರಿಯೆಟ್ ಮನ್ರೋ ಎಂಬಾಕೆ 1912ರಲ್ಲಿ 'ಪೊಯಟ್ರಿ' ಎಂಬ ಪುಟ್ಟ ಪತ್ರಿಕೆ ಆರಂಭಿಸಿದರು. ಟಿ.ಎಸ್. ಎಲಿಯಟ್ ಎಂಬ ಅಪರಿಚಿತ ತರುಣನ, ಪ್ರುಫ್ರಾಕ್ ಎಂಬ ಪಾತ್ರದ ಕುರಿತ ದೀರ್ಘ ಕವಿತೆ 1915ರಲ್ಲಿ ಮೊದಲು ಅಚ್ಚಾದದ್ದು ಅಲ್ಲಿ. ದೊಡ್ಡ ಪ್ರಸಾರದ ಪತ್ರಿಕೆ ಓದುಗರಿಗೆ ಈಗಾಗಲೇ ರುಚಿಸಿದ್ದನ್ನು ಕೊಡುತ್ತದೆ, ಕೊಡಲೇಬೇಕು. ಅದರ ಸಂಬಳ-ಸಾರಿಗೆ ನಡೆಯುವುದೇ ಹಾಗೆ. ಇನ್ನೂ ಯಾರಿಗೂ ರುಚಿ ಹತ್ತದಿರುವುದನ್ನು ಅಚ್ಚು ಹಾಕುವ ಧೈರ್ಯ ಕಿರುಪತ್ರಿಕೆಗೆ ಮಾತ್ರ ಇರುತ್ತದೆ. ಅದಕ್ಕೆ ಕಳೆದುಕೊಳ್ಳಲು ಹೆಚ್ಚೇನೂ ಇಲ್ಲವಲ್ಲ.

ಹೊಸಕೋಟೆಯ ವಿದ್ಯಾರ್ಥಿಗಳಿಗೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ ನೆರೆಯವರೇ. ಅವರ ಮಾಸ್ತಿ ಗ್ರಾಮ ಪಕ್ಕದ ಮಾಲೂರು ತಾಲ್ಲೂಕಿನಲ್ಲಿದೆ. 'ಕೆಲವು ಸಣ್ಣ ಕಥೆಗಳು' ಎಂಬ ಅವರ ಸಂಕಲನ 1920ರಲ್ಲಿ ಬಂತು. ಅವರನ್ನು ಕಥೆಗಾರರೆಂದು ನೀವು ಬಲ್ಲಿರಿ. ಸರ್ಕಾರಿ ಹುದ್ದೆಯಿಂದ ನಿವೃತ್ತರಾದ ಮೇಲೆ, 1944ರಿಂದ 1965ರವರೆಗೆ, 'ಜೀವನ' ಎಂಬ ಮಾಸಪತ್ರಿಕೆಯನ್ನು ಸಂಪಾದಿಸಿದರೆಂಬುದು ಅಷ್ಟಾಗಿ ತಿಳಿದಿರಲಾರದು. ಇಪ್ಪತ್ತೊಂದು ವರ್ಷ ಬೇರೆಯವರ ಬರಹಗಳಿಗಾಗಿ ಸ್ವಂತ ಬರವಣಿಗೆಯ ಹೊತ್ತನ್ನು ಕೊಡುವುದು ಸಣ್ಣ ಮಾತಲ್ಲ.

1960ರ ದಶಕದಲ್ಲಿ ನವ್ಯ ಸಾಹಿತ್ಯಕ್ಕೆ ಗೋಪಾಲಕೃಷ್ಣ ಅಡಿಗರ 'ಸಾಕ್ಷಿ' ಇತ್ತು. ಧಾರವಾಡದಲ್ಲಿ ಚಂದ್ರಶೇಖರ ಪಾಟೀಲ, ಸಿದ್ಧಲಿಂಗ ಪಟ್ಟಣಶೆಟ್ಟಿ, ಗಿರಡ್ಡಿ ಗೋವಿಂದರಾಜ ಸೇರಿ 'ಸಂಕ್ರಮಣ' ಹೊರಡಿಸಿದರು. ಮುಂದಿನ ದಶಕದಲ್ಲಿ ಬೆಂಗಳೂರಿನ 'ಶೂದ್ರ' ಬಂತು, 1981ರಲ್ಲಿ ಅನಂತಮೂರ್ತಿಯವರ 'ರುಜುವಾತು' ಬಂತು. ಇವುಗಳ ಚರಿತ್ರೆಯನ್ನು ಒಂದೊಂದಾಗಿ ಹೇಳಲು ಇಲ್ಲಿ ಜಾಗವಿಲ್ಲ. ನಿಮ್ಮ ಜಿಲ್ಲೆಗೆ ಸಂಬಂಧಿಸಿದ ಒಂದು ಎಳೆಯನ್ನು ಮಾತ್ರ ಹಿಡಿಯೋಣ.

ದೊಡ್ಡಬಳ್ಳಾಪುರ ಮಗ್ಗದ ಊರು. ಅಲ್ಲಿಯ ನೇಕಾರ ಕುಟುಂಬವೊಂದರಲ್ಲಿ 1954ರಲ್ಲಿ ಹುಟ್ಟಿದವರು ವಿಮರ್ಶಕ ಡಿ.ಆರ್. ನಾಗರಾಜ್, ಹೆಸರಿನ ಮೊದಲಕ್ಷರ 'ಡಿ' ಎಂದರೆ ದೊಡ್ಡಬಳ್ಳಾಪುರವೇ. ಅದೇ ವರ್ಷ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಕವಿ ಸಿದ್ದಲಿಂಗಯ್ಯ ಹುಟ್ಟಿದರು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ರಚನೆಯಾದಾಗ ಮಾಗಡಿಯೂ ಅದರಲ್ಲಿತ್ತು. 2007ರಲ್ಲಿ ರಾಮನಗರ ಜಿಲ್ಲೆಯಾದ ಮೇಲೆ ಅತ್ತ ಹೋಯಿತು. ಇಬ್ಬರೂ ಬೆಂಗಳೂರಿಗೆ ಓದಲು ಬಂದರು, ಸ್ನೇಹಿತರಾದರು. ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಪ್ರಕಟವಾದಾಗ ಅವರಿಗೆ ಇಪ್ಪತ್ತರ ಆಚೀಚಿನ ವಯಸ್ಸು. ಇನ್ನು ನಾಲ್ಕು ವರ್ಷಕ್ಕೆ, 1979ರಲ್ಲಿ, ಬಂಡಾಯ ಸಾಹಿತ್ಯ ಸಂಘಟನೆ ಬೆಂಗಳೂರಿನಲ್ಲಿ ಸಮಾವೇಶಗೊಂಡಾಗ ಅದರ ಘೋಷವಾಕ್ಯವನ್ನು ಬರೆದುಕೊಟ್ಟವರು ನಾಗರಾಜ್. ಕೇರಿಯ ಅನುಭವ, ಮಗ್ಗದ ಮನೆಯ ಅನುಭವ ಸಾಹಿತ್ಯದ ಮಧ್ಯಕ್ಕೆ ಬಂದ ಕಾಲ ಅದು. ಆ ದನಿಗಳಿಗೆ ಮೊದಲು ಕಿವಿಗೊಟ್ಟವರಲ್ಲಿ ಕೆಲವೇ ನೂರು ಪ್ರತಿ ಅಚ್ಚಾಗುವ, ತಿಂಗಳು ತಪ್ಪಿ ಬರುವ, ಚಂದಾ ಹಣಕ್ಕೆ ಕೈಯೊಡ್ಡುವ ಪತ್ರಿಕೆಗಳು ಮುಂದಿದ್ದವು. ಮುಂದೆ ನಾಗರಾಜ್ ಹೆಗ್ಗೋಡಿನ ಅಕ್ಷರ ಪ್ರಕಾಶನಕ್ಕಾಗಿ 'ಅಕ್ಷರ ಚಿಂತನ' ಮಾಲೆಯನ್ನು ಸಂಪಾದಿಸಿದರು. 1998ರ ಆಗಸ್ಟ್‌ನಲ್ಲಿ, ಇನ್ನೂ ನಲವತ್ತನಾಲ್ಕರಲ್ಲಿ, ತೀರಿಕೊಂಡರು. ಕನ್ನಡದ ಹೊಸ ಬರಹ ಅಂತರ್ಜಾಲಕ್ಕೆ ಕಾಲಿಡುತ್ತಿದ್ದ ಹೊತ್ತು ಅದು.

ಇನ್ನು ಮುಂದಿನದು ತಂತ್ರಜ್ಞಾನದ ಕಥೆ. ವಿಜ್ಞಾನ ಪದವಿ ಮುಗಿಸಿ ದೂರದರ್ಶನಕ್ಕೆ ಬಂದ ನನ್ನಂಥವನಿಗೆ ಇದು ಇಷ್ಟದ ಭಾಗ. ಕಲಾ ವಿಭಾಗದ ಮಿತ್ರರು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು.

ಸೀಸದ ಅಚ್ಚುಮೊಳೆಗಳ ಕಾಲದಲ್ಲಿ ಇಂಗ್ಲಿಷಿಗಿಂತ ಕನ್ನಡಕ್ಕೆ ಎಷ್ಟೋ ಹೆಚ್ಚು ಮೊಳೆಗಳು ಬೇಕಾಗಿದ್ದವು. ಗುಣಿತ, ಒತ್ತಕ್ಷರ, ಅರ್ಕಾವೊತ್ತು ಎಲ್ಲಕ್ಕೂ ಬೇರೆ ಬೇರೆ ಮೊಳೆ. ಗಣಕಯಂತ್ರ ಬಂದಾಗ ಇದೇ ತೊಡಕು ಬೇರೆ ವೇಷದಲ್ಲಿ ಎದುರಾಯಿತು. ಹಳೆಯ ಪದ್ಧತಿಯಲ್ಲಿ ಗಣಕದ ಅಕ್ಷರಪಟ್ಟಿಗೆ ಇದ್ದದ್ದು 256 ಮನೆಗಳು. ಅದರಲ್ಲಿ ಅರ್ಧವನ್ನು ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳು ಮೊದಲೇ ಹಿಡಿದಿದ್ದವು. ಆದ್ದರಿಂದ ಕನ್ನಡ ತಂತ್ರಾಂಶ ರೂಪಿಸಿದವರು ಒಂದು ಉಪಾಯ ಮಾಡಿದರು. ಬೇರೆ ಭಾಷೆಯ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡ ಅಕ್ಷರಗಳ ಚೂರುಗಳನ್ನು, ಎಂದರೆ ತಲೆಕಟ್ಟು, ದೀರ್ಘ, ಒತ್ತುಗಳನ್ನು, ಕೂರಿಸಿದರು. ಗಣಕದ ಮಟ್ಟಿಗೆ ಅದು ಯಾವುದೋ ಯುರೋಪಿನ ಅಕ್ಷರ. ನಮ್ಮ ಕಣ್ಣಿಗೆ ಮಾತ್ರ ಕನ್ನಡ. ಆ ಅಕ್ಷರಶೈಲಿ ಗಣಕದಲ್ಲಿ ಇಲ್ಲದಿದ್ದರೆ ಇಡೀ ಕಥೆ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತಿತ್ತು. ಒಂದು ತಂತ್ರಾಂಶದಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆಯದೇ ಹೋಗುವುದೂ ಸಾಮಾನ್ಯವಾಗಿತ್ತು.

ಇದಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. ಜಗತ್ತಿನ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೇ ಒಂದು ಶಾಶ್ವತ ಸಂಖ್ಯೆ ಕೊಡುವ ಏರ್ಪಾಡು ಇದು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತು. 3200ರಿಂದ 3327ರವರೆಗಿನ 128 ಸಂಖ್ಯೆಗಳು ನಮ್ಮ ಲಿಪಿಗೆ ಮೀಸಲು. 'ಕ' ಅಕ್ಷರದ ಸಂಖ್ಯೆ 3221. ಒತ್ತಕ್ಷರಕ್ಕೆ ಬೇರೆ ಸಂಖ್ಯೆಯಿಲ್ಲ. 'ಸ್ತ್ರೀ' ಎಂಬುದನ್ನು ಗಣಕ ಸ, ವಿರಾಮಚಿಹ್ನೆ, ತ, ಮತ್ತೆ ವಿರಾಮಚಿಹ್ನೆ, ರ, ಈಕಾರ ಎಂದು ಆರು ಸಂಖ್ಯೆಗಳಾಗಿ ನೆನಪಿಟ್ಟುಕೊಳ್ಳುತ್ತದೆ. ತೋರಿಸುವಾಗ ಜೋಡಿಸಿ ತೋರಿಸುತ್ತದೆ. ನಮ್ಮ ಕೇಶಿರಾಜ ವ್ಯಾಕರಣ ಬರೆದ ಕ್ರಮಕ್ಕೂ ಈ ಗಣಕದ ಲೆಕ್ಕಕ್ಕೂ ಹೊಂದಾಣಿಕೆ ಇದೆ ನೋಡಿ: ಬರೆಯುವ ಆಕಾರವನ್ನಲ್ಲ, ಉಚ್ಚರಿಸುವ ಧ್ವನಿಯ ಸರಣಿಯನ್ನು ಹಿಡಿಯುವುದು. ಆದರೆ ಸಂಖ್ಯೆ ಗೊತ್ತುಮಾಡಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಸಾಮಾನ್ಯರ ಮನೆಯ ಗಣಕಗಳಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕಾಣತೊಡಗಿದ್ದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ 'ತುಂಗಾ' ಅಕ್ಷರಶೈಲಿಯೊಂದಿಗೆ ಬಂದ ನಂತರ. ಮೊಬೈಲ್ ಫೋನುಗಳಲ್ಲಿ ಇನ್ನೂ ಸುಮಾರು ಹತ್ತು ವರ್ಷ ತಡವಾಗಿ.

ಈ ನಡುವಿನ ವರ್ಷಗಳಲ್ಲಿ ದುಡಿದವರನ್ನು ನೆನೆಯಬೇಕು. ಕನ್ನಡವನ್ನು ಉಚ್ಚಾರಣೆಯ ಕ್ರಮದಲ್ಲೇ ಬೆರಳಚ್ಚು ಮಾಡುವ ಕೀಲಿಮಣೆ ವಿನ್ಯಾಸವನ್ನು ಕೆ.ಪಿ. ರಾವ್ ರೂಪಿಸಿದರು. ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ 1998ರಲ್ಲಿ ಬಂತು. ಹೊರದೇಶದ ಕನ್ನಡಿಗರು ಮನೆಗೆ ಕನ್ನಡದಲ್ಲೇ ಪತ್ರ ಬರೆಯುವಂತಾಯಿತು. ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಕೊಟ್ಟಿತು. ಇದಕ್ಕೂ ಮೊದಲೇ, 1996ರ ಡಿಸೆಂಬರ್‌ನಲ್ಲಿ, ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು.ಬಿ. ಪವನಜ 'ವಿಶ್ವಕನ್ನಡ'ವನ್ನು ಆರಂಭಿಸಿದ್ದರು. ಕನ್ನಡದ ಮೊದಲ ಅಂತರ್ಜಾಲ ಪತ್ರಿಕೆ ಎಂದು ಅದನ್ನು ಗುರುತಿಸಲಾಗುತ್ತದೆ. ಮೊದಲ ಮುದ್ರಿತ ಪತ್ರಿಕೆಯನ್ನು ಹೊರಡಿಸಿದವರು ಜರ್ಮನಿಯ ಪಾದ್ರಿ, ಮೊದಲ ಅಂತರ್ಜಾಲ ಪತ್ರಿಕೆಯನ್ನು ಹೊರಡಿಸಿದವರು ಮುಂಬಯಿಯಲ್ಲಿದ್ದ ವಿಜ್ಞಾನಿ. ಸಾಹಿತ್ಯದ ಹೊಸ ಬಾಗಿಲನ್ನು ತೆರೆಯುವವರು ಯಾವಾಗಲೂ ಸಾಹಿತ್ಯದ ಪಂಡಿತರೇ ಆಗಿರಬೇಕಿಲ್ಲ ಎಂದು ವಿಜ್ಞಾನದ ವಿದ್ಯಾರ್ಥಿಗಳು ಸ್ವಲ್ಪ ಹೆಮ್ಮೆಪಡಬಹುದು.

2000ದ ಸುಮಾರಿಗೆ ಶೇಖರ್‌ಪೂರ್ಣ ಅವರ 'ಕನ್ನಡಸಾಹಿತ್ಯ ಡಾಟ್ ಕಾಂ' ಬಂತು. ಆ ದಶಕದ ಉತ್ತರಾರ್ಧದಲ್ಲಿ ಆಕಾಶವಾಣಿಯ ಉದ್ಯೋಗಿಯೂ ಕಥೆಗಾರರೂ ಆದ ಅಬ್ದುಲ್ ರಶೀದ್ ಅವರ 'ಕೆಂಡಸಂಪಿಗೆ', ಪತ್ರಕರ್ತ-ಕವಿ ಜಿ.ಎನ್. ಮೋಹನ್ ಅವರ 'ಅವಧಿ' ಬಂದವು. 2013ರಲ್ಲಿ 'ಪಂಜು' ಬಂತು. ಕಾಗದವೂ ಸುಮ್ಮನಿರಲಿಲ್ಲ: ವಿವೇಕ ಶಾನಭಾಗರು 2005ರಿಂದ ಏಳು ವರ್ಷ 'ದೇಶಕಾಲ'ವನ್ನು ಮುದ್ರಿತ ತ್ರೈಮಾಸಿಕವಾಗಿಯೇ ನಡೆಸಿದರು, ವಸುಧೇಂದ್ರರ 'ಛಂದ ಪುಸ್ತಕ' ಹೊಸ ಕಥೆಗಾರರ ಹಸ್ತಪ್ರತಿಗಳಿಗೆ ಸ್ಪರ್ಧೆ ಏರ್ಪಡಿಸಿ ಮೊದಲ ಸಂಕಲನಗಳನ್ನು ಹೊರತಂದಿತು. ಅಂತರ್ಜಾಲದಲ್ಲಿ ಮೊದಲು ಓದುಗರನ್ನು ಕಂಡುಕೊಂಡು ಆಮೇಲೆ ಪುಸ್ತಕಕ್ಕೆ ಬರುವ ಲೇಖಕರ ಪೀಳಿಗೆ ಹೀಗೆ ಬೆಳೆಯಿತು.

ಅಂತರ್ಜಾಲ ಪತ್ರಿಕೆ ಕಾಗದದ ಬೆಲೆಯನ್ನೂ ಅಂಚೆಯ ದೂರವನ್ನೂ ತೆಗೆದುಹಾಕಿತು. ಪುಟಗಳ ಮಿತಿಯಿಲ್ಲ, ಚಂದಾ ಇಲ್ಲ. ನೆಲಮಂಗಲದ ಹುಡುಗ ಬರೆದ ಕವಿತೆಗೂ ರಾಜಧಾನಿಯ ಪ್ರಾಧ್ಯಾಪಕರ ಕವಿತೆಗೂ ಒಂದೇ ಪರದೆ. ಇದನ್ನು ನಾನು ಕಡಿಮೆ ಲಾಭವೆಂದು ಹೇಳುವುದಿಲ್ಲ. ಸಂಪಾದಕರ ಕತ್ತರಿ ಮೊಂಡಾಯಿತು, ಬಂದದ್ದೆಲ್ಲ ಪ್ರಕಟವಾಗುತ್ತದೆ ಎಂಬ ದೂರು ಆಗಾಗ ಕೇಳಿಬರುತ್ತದೆ. ನನಗೆ ಆ ದೂರು ಅಷ್ಟು ಗಂಭೀರವೆನಿಸದು. ಹಳೆಯ ಪತ್ರಿಕೆಗಳ ಸಂಪುಟಗಳನ್ನು ತಿರುವಿಹಾಕಿದವರಿಗೆ ಅಲ್ಲಿಯೂ ಜೊಳ್ಳು ಎಷ್ಟಿತ್ತೆಂದು ಗೊತ್ತು. ಕಾಲ ಅದನ್ನು ಜರಡಿ ಹಿಡಿಯುತ್ತದೆ. ಆದರೆ ಜರಡಿ ಹಿಡಿಯಲು ಕಾಳು ಉಳಿದಿರಬೇಕಲ್ಲ!

ನನ್ನ ಆತಂಕ ಇರುವುದು ಇಲ್ಲಿ. ಮುದ್ರಿತ ಪತ್ರಿಕೆ ಐನೂರು ಪ್ರತಿ ಅಚ್ಚಾದರೆ ಐನೂರು ಮನೆಗಳಿಗೆ ಹೋಗುತ್ತದೆ. ನಾನೂರ ತೊಂಬತ್ತೊಂಬತ್ತು ರದ್ದಿಗೆ ಹೋದರೂ ಒಂದು ಉಳಿದೀತು. ಜೊತೆಗೆ ಕಾನೂನಿನ ಆಸರೆಯೂ ಇದೆ. 1954ರ ಗ್ರಂಥ ಸಲ್ಲಿಕೆ ಕಾಯಿದೆಯ ಪ್ರಕಾರ ದೇಶದಲ್ಲಿ ಪ್ರಕಟವಾದ ಪುಸ್ತಕದ ಪ್ರತಿಗಳನ್ನು ಕೊಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನಿತರ ಗೊತ್ತಾದ ಗ್ರಂಥಾಲಯಗಳಿಗೂ ಪ್ರಕಾಶಕರು ಕಳುಹಿಸಬೇಕು. 1956ರ ತಿದ್ದುಪಡಿ ಪತ್ರಿಕೆಗಳನ್ನೂ ಇದರಲ್ಲಿ ಸೇರಿಸಿತು. ಕಾಗದವನ್ನು ಮನಸ್ಸಿನಲ್ಲಿಟ್ಟು ಮಾಡಿದ ಆ ಕಾಯಿದೆಯ ವ್ಯಾಪ್ತಿಯಲ್ಲಿ ಅಂತರ್ಜಾಲ ಪತ್ರಿಕೆ ಬರುವುದಿಲ್ಲ. ಅದು ಒಂದು ಬಾಡಿಗೆಯ ಗಣಕದಲ್ಲಿರುತ್ತದೆ. ಸಂಪಾದಕರು ವರ್ಷವರ್ಷ ಬಾಡಿಗೆ ಕಟ್ಟಬೇಕು. ಉದ್ಯೋಗ ಬದಲಾಯಿತು, ಆರೋಗ್ಯ ಕೆಟ್ಟಿತು, ಉತ್ಸಾಹ ಬತ್ತಿತು ಎಂದರೆ ಒಂದು ಬೆಳಿಗ್ಗೆ ಎಲ್ಲ ಸಂಚಿಕೆಗಳೂ ಒಟ್ಟಿಗೆ ಕಣ್ಮರೆ. ಹಳೆಯ ಅಕ್ಷರಶೈಲಿಯಲ್ಲಿ ಬರೆದಿಟ್ಟದ್ದಾದರೆ ಕಡತ ಉಳಿದಿದ್ದರೂ ಓದಲಾಗದ ಚಿಹ್ನೆಗಳ ರಾಶಿ. ತಿರುಮಲಾಂಬ ಅವರನ್ನು ಹುಡುಕಲು ದಾರಿ ತೋರಿದ ಕಪಾಟಿನ ಹಾಳೆ ಇಲ್ಲಿ ಇಲ್ಲ.

ದೂರದರ್ಶನದವರಾದ ನಮಗೆ ಇದು ಹೊಸ ವ್ಯಥೆಯಲ್ಲ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಒಂದು ಕಾರ್ಯಕ್ರಮವನ್ನು ಅಳಿಸಿ ಅದರ ಮೇಲೆ ಇನ್ನೊಂದನ್ನು ಮುದ್ರಿಸುವುದು ಪ್ರಪಂಚದ ಅನೇಕ ಕೇಂದ್ರಗಳಲ್ಲಿ ರೂಢಿಯಾಗಿತ್ತು. ಬ್ರಿಟನ್ನಿನ ಬಿಬಿಸಿ 1960 ಮತ್ತು 70ರ ದಶಕಗಳಲ್ಲಿ ಹೀಗೆ ಕಳೆದುಕೊಂಡ ತನ್ನ ಕಾರ್ಯಕ್ರಮಗಳನ್ನು ಆಮೇಲೆ ವೀಕ್ಷಕರ ಮನೆಗಳಲ್ಲೂ ಹೊರದೇಶದ ಕೇಂದ್ರಗಳಲ್ಲೂ ಹುಡುಕುವಂತಾಯಿತು.

ಕೊಲ್ಕತ್ತದಲ್ಲಿ ಸಂದೀಪ್ ದತ್ತ ಎಂಬ ಶಾಲಾ ಅಧ್ಯಾಪಕರಿದ್ದರು. ದೊಡ್ಡ ಗ್ರಂಥಾಲಯವೇ ಬಂಗಾಳಿ ಕಿರುಪತ್ರಿಕೆಗಳನ್ನು ಬೇಡದ ರಾಶಿಯಾಗಿ ಬಿಸುಟಿದ್ದನ್ನು ಕಂಡು ನೊಂದ ಅವರು 1978ರಲ್ಲಿ ತಮ್ಮ ಮನೆಯಲ್ಲೇ ಕಿರುಪತ್ರಿಕೆಗಳ ಗ್ರಂಥಾಲಯ ತೆರೆದರು. 2023ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬೆಳೆಸಿದರು. ಅಂತರ್ಜಾಲದ ಮಟ್ಟಿಗೆ ಅಂಥ ಕೆಲಸ ಮಾಡುತ್ತಿರುವುದು ಅಮೆರಿಕದ 'ಇಂಟರ್‌ನೆಟ್ ಆರ್ಕೈವ್'. ಅದು ಆರಂಭವಾದದ್ದು ನಮ್ಮ 'ವಿಶ್ವಕನ್ನಡ' ಹುಟ್ಟಿದ 1996ರಲ್ಲೇ. ಬೆಂಗಳೂರಿನಲ್ಲಿ ಸ್ವಯಂಸೇವಕರು ಹಳೆಯ ಕನ್ನಡ ಪುಸ್ತಕ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಆ ಸಂಗ್ರಹಕ್ಕೆ ಸೇರಿಸುತ್ತಿದ್ದಾರೆ. ಕಾಗದದಲ್ಲಿದ್ದದ್ದು ಹೀಗೆ ಪರದೆಗೆ ಬರುತ್ತಿದೆ. ಪರದೆಯಲ್ಲೇ ಹುಟ್ಟಿದ್ದನ್ನು ಕಾಯುವವರು ಇನ್ನೂ ಕಡಿಮೆ.

ನಿಮ್ಮ ಜಿಲ್ಲೆಗೆ ಇದು ಬೇರೆಲ್ಲರಿಗಿಂತ ಹೆಚ್ಚು ತುರ್ತಿನ ಮಾತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ನಂತರ ಅಲ್ಲಿನ ಹೊಲ, ತೋಟ, ಕೆರೆಯಂಗಳಗಳ ಚಹರೆ ಹೇಗೆ ಬದಲಾಯಿತೆಂದು ನಿಮ್ಮ ಮನೆಯ ಹಿರಿಯರು ಹೇಳಿಯಾರು. ಜಮೀನು ಮಾರಿದ ದಿನ ಮನೆಯಲ್ಲಿ ಅಡುಗೆಯಾಯಿತೇ, ಅಜ್ಜಿ ಏನೆಂದಳು ಎಂಬುದು ಕಂದಾಯದ ದಾಖಲೆಯಲ್ಲಿ ಇರುವುದಿಲ್ಲ. ಅದು ಬರುವುದು ಆ ಮನೆಯ ಮಗನೋ ಮಗಳೋ ಬರೆದ ಕಥೆಯಲ್ಲಿ. ಅಂಥ ಕಥೆಗಳಿಗೆ ಇಂದು ಹೆಚ್ಚಾಗಿ ಸಿಗುವ ಮೊದಲ ಪುಟ ಅಂತರ್ಜಾಲದ್ದೇ.

ಹಾಗಾದರೆ ಏನು ಮಾಡಬಹುದು? ನಿಮ್ಮ ಅಥವಾ ಗೆಳೆಯರ ಕಥೆ-ಕವಿತೆ ಅಂತರ್ಜಾಲ ಪತ್ರಿಕೆಯಲ್ಲಿ ಬಂದರೆ ಅದರ ಪಠ್ಯವನ್ನು ಯೂನಿಕೋಡಿನಲ್ಲೇ ಬೇರೆಡೆ ಉಳಿಸಿಡಿ. ಪತ್ರಿಕೆಯ ಹೆಸರು, ಸಂಪಾದಕರ ಹೆಸರು, ಪ್ರಕಟವಾದ ದಿನಾಂಕವನ್ನು ಅದರ ಕೆಳಗೇ ಬರೆಯಿರಿ. ಒಂದು ಪ್ರತಿಯನ್ನು ಕಾಗದದ ಮೇಲೆ ಮುದ್ರಿಸಿ. ಇಂಥವನ್ನೆಲ್ಲ ವರ್ಷಕ್ಕೊಮ್ಮೆ ಒಟ್ಟುಗೂಡಿಸಿ ರಟ್ಟು ಹಾಕಿಸಿ ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟರೆ ಗ್ರಂಥಪಾಲಕರು ಬೇಡವೆನ್ನಲಾರರು. ಆ ಗ್ರಂಥಾಲಯದಲ್ಲಿ ಮೂಲೆಯ ಕಪಾಟನ್ನೂ ಒಮ್ಮೆ ತೆರೆಸಿ ನೋಡಿ. 1970-80ರ ದಶಕಗಳ ಕಾಲೇಜು ವಾರ್ಷಿಕ ಸಂಚಿಕೆಗಳು, ಗೋಡೆಪತ್ರಿಕೆಗಾಗಿ ಕೈಯಲ್ಲೇ ಬರೆದ ಹಾಳೆಗಳು ಧೂಳು ಹಿಡಿದು ಬಿದ್ದಿರಬಹುದು. ಯಾರ ಮೊದಲ ಕವಿತೆ ಅಲ್ಲಿದೆಯೋ, ಪುಟ ತಿರುವಿದಾಗ ತಿಳಿದೀತು.